ನಿಮಗಿದು ಗೊತ್ತೇ? ತಟ್ಟೆ, ಸುರುಳಿ, ಉಗುರಿನಷ್ಟು ಕಾರ್ಡು

ಕಲಬುರಗಿಯ ಶರಣಬಸವೇಶ್ವರ ಗುಡಿಯ ಮುಂದೆ ಒಂದು ತುದಿ ಹಿಡಿದು, ಕ್ಯಾಸೆಟ್ಟಿನ ರೀಲು ಬಿಚ್ಚುತ್ತ ಕಮಲಾಪುರದ ತನಕ ಹೋಗಲು ಎಷ್ಟು ಕ್ಯಾಸೆಟ್ ಬೇಕಾದೀತು? ಲೆಕ್ಕ ಕಷ್ಟದ್ದಲ್ಲ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ. 60 ನಿಮಿಷದ ಕ್ಯಾಸೆಟ್ ಎಂದರೆ ಮಗ್ಗುಲಿಗೆ ಅರ್ಧ ತಾಸು. ಒಳಗಿರುವ ರೀಲು ಸುಮಾರು 86 ಮೀಟರ್. ಇನ್ನು 32 ಜಿಬಿಯ ಮೆಮರಿ ಕಾರ್ಡು ನೋಡಿ. ಸಾಧಾರಣ 128 ಕೆಬಿಪಿಎಸ್ ಎಂಪಿ3 ಆದರೆ ಅದರಲ್ಲಿ ಸುಮಾರು 550 ತಾಸಿನ ಹಾಡು ಹಿಡಿಯುತ್ತದೆ. ಅಷ್ಟೇ ಹಾಡನ್ನು ಕ್ಯಾಸೆಟ್ಟಿಗೆ ಹಾಕಿದರೆ 550 ಕ್ಯಾಸೆಟ್, 47 ಕಿ.ಮೀ. ರೀಲು! ಕಮಲಾಪುರ ದಾಟಿ, ಹುಮನಾಬಾದ ರಸ್ತೆ ಹಿಡಿದು ಇನ್ನೂ ಮುಂದೆ ಹೋಗುತ್ತದೆ. ಕಾರ್ಡು ಮಾತ್ರ ಅಂಗಿಯ ಕಿಸೆಯಲ್ಲಿ ಕಳೆದುಹೋಗುವಷ್ಟು ಸಣ್ಣದು.

ಕಳೆದೂ ಹೋಗುತ್ತದೆ. ಆ ಮಾತಿಗೆ ಆಮೇಲೆ ಬರೋಣ.

ಶರಣಬಸವೇಶ್ವರರು ಲಿಂಗೈಕ್ಯರಾದದ್ದು 1822ರಲ್ಲಿ. ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ನಡುವೆ 55 ವರ್ಷ. ಹಾಗಾಗಿ ಶರಣರ ದನಿ ನಮಗಿಲ್ಲ. ಅವರ ಮೇಲಿನ ಪದಗಳೆಲ್ಲ ಬಾಯಿಂದ ಬಾಯಿಗೆ ಬಂದವು. ಯಾವ ತಟ್ಟೆ, ಯಾವ ಫೈಲಿನ ಹಂಗೂ ಇಲ್ಲದೆ ಇಷ್ಟು ದೂರ ನಡೆದುಬಂದವು.

ಉತ್ತರ ಕರ್ನಾಟಕದಲ್ಲಿ ಹಾಡನ್ನು ಯಾರೂ ‘ಪ್ಲೇ’ ಮಾಡುವುದಿಲ್ಲ, ‘ಹಚ್ಚು’ತ್ತಾರೆ. ರೇಡಿಯೋ ಹಚ್ಚು, ಟೇಪ್ ಹಚ್ಚು, ಈಗ ಮೊಬೈಲಿನಾಗ ಹಾಡ ಹಚ್ಚು. ದೀಪಕ್ಕೂ ಅದೇ ಕ್ರಿಯಾಪದ. ಯಂತ್ರ ನಾಲ್ಕು ಸಲ ಬದಲಾಯಿತು, ಮಾತು ಒಂದೇ ಉಳಿಯಿತು.

ಹಾಗೇ ‘ಧ್ವನಿಸುರುಳಿ ಬಿಡುಗಡೆ’ ಎಂಬ ಮಾತೂ. ಸುರುಳಿ ಹೋಗಿ ಸಿ.ಡಿ. ಬಂದಾಗಲೂ ಆಮಂತ್ರಣ ಪತ್ರಿಕೆಯಲ್ಲಿ ಸುರುಳಿಯೇ ಇತ್ತು. ಈಗ ವೇದಿಕೆಯ ಮೇಲೆ ಬಿಡುಗಡೆ ಮಾಡಲು ಕೈಯಲ್ಲಿ ಹಿಡಿಯುವಂಥದ್ದೇ ಏನೂ ಇಲ್ಲ. ಅತಿಥಿಗಳು ಪಾಪ, ಥರ್ಮಾಕೋಲಿನ ಫಲಕ ಹಿಡಿದು ಫೋಟೋಕ್ಕೆ ನಿಲ್ಲುತ್ತಾರೆ.

ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆ ಯಾವುದರಿಂದ ಆದದ್ದು? ಪ್ಲಾಸ್ಟಿಕ್ಕಿನಿಂದಲ್ಲ, ಅರಗಿನಿಂದ. ದುರ್ಯೋಧನ ಪಾಂಡವರನ್ನು ಸುಡಲು ಮನೆ ಕಟ್ಟಿಸಿದನಲ್ಲ, ಅದೇ ಅರಗು. ಮುತ್ತುಗ, ಬೋರೆ ಮುಂತಾದ ಮರಗಳ ಟೊಂಗೆಗೆ ಅಂಟಿಕೊಂಡು ಬದುಕುವ ಒಂದು ಪುಟ್ಟ ಕೀಟ ಸ್ರವಿಸುವ ಅಂಟು ಅದು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆಯಂಥ ಇಂಗಾಲದ ಪುಡಿ ಬೆರೆಸಿ ಬಿಸಿಯಲ್ಲಿ ಒತ್ತಿದರೆ ತಟ್ಟೆ. ಕೈಜಾರಿದರೆ ಹಂಚಿನಂತೆ ಚೂರು. ಒಂದು ಮಗ್ಗುಲಿಗೆ ಮೂರು ನಿಮಿಷದ ಆಚೀಚೆ. ಉಕ್ಕಿನ ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕು. ತಾಸುಗಟ್ಟಲೆ ರಾಗ ಹಿಗ್ಗಿಸುತ್ತಿದ್ದ ಗವಾಯಿಗಳು ಮೂರು ನಿಮಿಷದಲ್ಲಿ ಆಲಾಪ, ತಾನ ಎಲ್ಲ ಮುಗಿಸುವುದನ್ನು ಕಲಿತದ್ದು ಈ ತಟ್ಟೆಯಿಂದ. ರೀಲ್ಸ್ ಬಂದು ಸಂಗೀತ ತುಂಡಾಯಿತೆಂದು ಗೊಣಗುವವರು ಇದನ್ನು ನೆನೆಯಬಹುದು.

ಭಾರತದ ಮೊದಲ ಗ್ರಾಮಫೋನ್ ತಾರೆ ಗೌಹರ್ ಜಾನ್ ಕೊಲ್ಕತ್ತದಲ್ಲಿ ಹಾಡಿ ಮುದ್ರಿಸಿದ್ದು 1902ರ ನವೆಂಬರಿನಲ್ಲಿ. ಆಕೆ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ, 1930ರ ಜನವರಿಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಕೊನೆಗಾಲದಲ್ಲಿ ಆಕೆಗೆ ಆಸರೆ ಕೊಟ್ಟಿತ್ತು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಜಂಬಕ್ಕಲ್ಲ. ಆಗ ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ಅಲ್ಲಿಯವರಿಗೆ ತಿಳಿಯಲೆಂದು.

ಹೆಸರಿನ ಮಾತು ಬಂತು, ಇದನ್ನೂ ಕೇಳಿ. ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳ ಮೇಲೆ ಅವರ ಹೆಸರಿರಲಿಲ್ಲ. ‘ಗಾಂಧಾರಿ’ ಎಂದಿತ್ತು.

ಗದಗದ ಹುಡುಗನೊಬ್ಬ ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡು, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದ. ಅವನೇ ಭೀಮಸೇನ ಜೋಶಿ. ಒಂದು ತಟ್ಟೆ ಒಬ್ಬ ಗವಾಯಿಯನ್ನು ಹುಟ್ಟಿಸಿತು ಅನ್ನಬಹುದು. ಈಗಿನ ಆ್ಯಪು ಒಂದು ಹಾಡು ಮುಗಿಯುವ ಮುಂಚೆಯೇ ಇನ್ನೊಂದನ್ನು ಮುಂದೊಡ್ಡುತ್ತದೆ. ಹುಚ್ಚು ಹಿಡಿಯಲು ಬಿಡುವೆಲ್ಲಿ?

ಕ್ಯಾಸೆಟ್ ಹುಟ್ಟಿದ್ದು 1963ರಲ್ಲಿ, ಫಿಲಿಪ್ಸ್ ಕಂಪನಿಯಲ್ಲಿ. ಕನ್ನಡದ ಮಟ್ಟಿಗೆ ಅದರ ಭಾಗ್ಯದ ವರ್ಷ 1978. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಆ ವರ್ಷ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂಬ ಹೆಸರು ಅದಕ್ಕಿದೆ.

ಆದರೆ ಕಲಬುರಗಿ ಕಡೆ ಕ್ಯಾಸೆಟ್ ಎಂದರೆ ಭಾವಗೀತೆಯಲ್ಲ, ಜಾತ್ರೆ. ಹೋಳಿ ಹುಣ್ಣಿಮೆಯಾದ ಐದನೆಯ ದಿನ ಶರಣಬಸವೇಶ್ವರರ ತೇರು. ಆ ದಿನಗಳಲ್ಲಿ ಗುಡಿಯ ಸುತ್ತ ಬಳೆ, ಬೆಂಡು ಬತ್ತಾಸು, ಆಟಿಗೆ ಸಾಮಾನಿನ ಸಾಲಿನ ನಡುವೆ ಕ್ಯಾಸೆಟ್ಟಿನ ಅಂಗಡಿಯೊಂದು ಇರಲೇಬೇಕಿತ್ತು. ಬಿದಿರ ಗಳಕ್ಕೆ ಕಟ್ಟಿದ ಸ್ಪೀಕರು, ಗೋಣಿತಟ್ಟಿನ ಮೇಲೆ ಸಾಲಾಗಿ ಜೋಡಿಸಿದ ಡಬ್ಬಿಗಳು: ವಚನ, ತತ್ವಪದ, ಗೀಗೀಪದ, ನಾಟಕ. “ಯವ್ವಾ, ಹಚ್ಚಿ ತೋರಸ್ತೀನಿ, ಕೇಳಿ ತಗೋರಿ” ಎಂದು ಅಂಗಡಿಯವನು ಡಬ್ಬಿ ತೆರೆದು ಟೇಪಿಗೆ ತುರುಕಿದರೆ, ಕೊಳ್ಳುವವರು ಒಬ್ಬರು, ನಿಂತು ಕೇಳುವವರು ಇಪ್ಪತ್ತು ಮಂದಿ. ಆ ಡಬ್ಬಿಗಳಲ್ಲಿ ಎಷ್ಟೋ ದೊಡ್ಡ ಕಂಪನಿಯವಲ್ಲ. ಯಾವುದೋ ಹಳ್ಳಿಯ ಭಜನಾ ಮೇಳ ಒಂದು ದಿನ ಕೂತು ಹಾಡಿದ್ದು, ಕೆಲವು ನೂರು ಪ್ರತಿ ಮಾಡಿಸಿದ್ದು. ಮೇಲಿನ ಕಾಗದದ ಮೇಲೆ ಮೇಳದ ಮುಖ್ಯಸ್ಥನ ಮಸುಕು ಫೋಟೋ. ಇಂಥ ಸುರುಳಿಗಳಲ್ಲಿ ಎಷ್ಟು ಇಂಟರ್‌ನೆಟ್ಟಿಗೆ ಏರಿವೆ? ನಾನು ಹುಡುಕಿದ ನಾಲ್ಕರಲ್ಲಿ ಒಂದೂ ಸಿಗಲಿಲ್ಲ. ಎಲ್ಲ ಹಾಡೂ ಮೊಬೈಲಿನಲ್ಲಿದೆ ಎನ್ನುವವರ ಮಾತಿಗೆ ನಾನು ತಲೆದೂಗದಿರುವುದು ಇದಕ್ಕೇ.

ಆರು ಮೂಲೆಯ ಪೆನ್ಸಿಲ್ ಕ್ಯಾಸೆಟ್ಟಿನ ಗಾಲಿಯ ಹಲ್ಲಿಗೆ ಸರಿಯಾಗಿ ಕೂರುತ್ತಿತ್ತಲ್ಲ, ಯಾಕೆ? ಗಾಲಿಗೂ ಹಲ್ಲು ಆರೇ.

ಕೆಲವು ಹಳೇ ಕ್ಯಾಸೆಟ್ಟಿನಲ್ಲಿ ಹಾಡು ಶುರುವಾಗುವ ಒಂದು ಗಳಿಗೆ ಮೊದಲೇ ಅದರ ನೆರಳು ಸಣ್ಣಗೆ ಕೇಳುತ್ತದೆ. ಭೂತ ಅಲ್ಲ. ಸುತ್ತಿಟ್ಟ ರೀಲಿನ ಒಂದು ಪದರದ ಕಾಂತಶಕ್ತಿ ವರ್ಷಗಟ್ಟಲೆ ತಾಗಿ ತಾಗಿ ಪಕ್ಕದ ಪದರಕ್ಕೂ ಅಚ್ಚೊತ್ತುತ್ತದೆ. ಆಗಾಗ ಹಚ್ಚುತ್ತ, ಸುತ್ತಿ ಇಡುತ್ತ ಇದ್ದರೆ ಇದು ಕಡಿಮೆ.

ಕ್ಯಾಸೆಟ್ಟಿನ ಬೆನ್ನಿನ ಎರಡು ತುದಿಗೆ ಪುಟ್ಟ ಪ್ಲಾಸ್ಟಿಕ್ ಎಸಳು ಇರುತ್ತಿತ್ತು. ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗದು. ಆದರೆ ಆ ತೂತಿಗೆ ಕಾಗದದ ಉಂಡೆ ತುರುಕಿದರೆ ಮತ್ತೆ ಆಗುತ್ತದೆ! ಈ ಉಪಾಯ ನಮ್ಮ ಮನೆಯಲ್ಲೂ ಯಾರಿಗೋ ಹೊಳೆಯಿತು. ಅಜ್ಜಿ ಹಾಡಿದ ಸೋಬಾನ ಪದದ ಮೇಲೆ ಈಗ ಒಂದು ಕ್ರಿಕೆಟ್ ಕಾಮೆಂಟರಿ ಇದೆ. ಕೊನೆಯ ಅರ್ಧ ನಿಮಿಷ ಮಾತ್ರ ಅಜ್ಜಿ.

ಕಲಬುರಗಿ ಆಕಾಶವಾಣಿ ಶುರುವಾದದ್ದು 1966ರಲ್ಲಿ. ಟೂ ಇನ್ ವನ್ ಬಂದ ಮೇಲೆ ರೇಡಿಯೋದ ವಚನಗಾಯನವನ್ನು ಮನೆಯಲ್ಲೇ ಟೇಪಿಗೆ ಇಳಿಸಿಕೊಂಡವರು ಬಹಳ. ಉಚಿತ ಡೌನ್‌ಲೋಡ್ ಇಂದಿನದೆಂದು ಯಾರು ಹೇಳಿದರು?

ಸಿ.ಡಿ. 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಸಾವಿಲ್ಲದ ಬಿಲ್ಲೆ ಎಂದು ಹೊಗಳಿದ್ದೇ ಹೊಗಳಿದ್ದು. ಅಂಗಡಿಯ ಸಿ.ಡಿ. ಪರವಾಗಿಲ್ಲ. ಮನೆಯಲ್ಲಿ ಬರೆದುಕೊಂಡ ಸಿ.ಡಿ.ಯಲ್ಲಿರುವುದು ಬಣ್ಣದ ಪದರ. ಬಿಸಿಲಿಗೆ, ಸೆಕೆಗೆ ಅದು ಮಾಸುತ್ತದೆ. ಕಲಬುರಗಿಯ ಬ್ಯಾಸಗಿಯಲ್ಲಿ ಕಿಟಕಿ ಪಕ್ಕ ಇಟ್ಟ ಮದುವೆ ಸಿ.ಡಿ.ಯ ಆಸೆ ಬಿಡಿ.

ಎಂಪಿ3 ಹೇಗೆ ಫೈಲನ್ನು ಹತ್ತು ಪಟ್ಟು ಕುಗ್ಗಿಸುತ್ತದೆ? ತೇರಿನ ಹೊತ್ತಿಗೆ ಗುಡಿಯ ಮುಂದೆ ನಿಂತಿದ್ದೀರಿ ಎನ್ನಿ. ಹಲಗೆಯ ಪೆಟ್ಟು ಬಿದ್ದ ಕ್ಷಣ ಪಕ್ಕದವನ ಕೈತಾಳದ ಸಣ್ಣ ಕಿಣಿಕಿಣಿ ನಿಮ್ಮ ಕಿವಿಗೆ ಬೀಳುವುದಿಲ್ಲ. ಕಿವಿಗೆ ಬೀಳದ್ದನ್ನು ಇಟ್ಟುಕೊಂಡೇನು ಎಂದು ಎಂಪಿ3 ಅದನ್ನು ತೆಗೆದು ಎಸೆಯುತ್ತದೆ. ಜರ್ಮನಿಯ ಸಂಶೋಧಕರ ಈ ಲೆಕ್ಕಾಚಾರ ಬಹುಮಟ್ಟಿಗೆ ಸರಿ. ಹೆಚ್ಚು ಕುಗ್ಗಿಸಿದರೆ ಮಾತ್ರ ಬಂಡವಾಳ ಬಯಲಾಗುತ್ತದೆ: ತಾಳದ ದನಿ ನೀರಿನಲ್ಲಿ ಅದ್ದಿ ತೆಗೆದಂತೆ ಕೇಳುತ್ತದೆ. ವಾಟ್ಸ್ಯಾಪಿನಲ್ಲಿ ಕೈಯಿಂದ ಕೈಗೆ ಸುತ್ತಿ ಬಂದ ಭಜನೆ ಕೇಳಿದವರಿಗೆ ಇದು ಗೊತ್ತು.

ಈಗ ಕಳೆದುಹೋಗುವ ಮಾತು. 2019ರಲ್ಲಿ ಮೈಸ್ಪೇಸ್ ಎಂಬ ಜಾಲತಾಣ ಸರ್ವರ್ ಬದಲಿಸುವ ಗದ್ದಲದಲ್ಲಿ ಹನ್ನೆರಡು ವರ್ಷದ ಹಾಡುಗಳನ್ನು ಕಳೆದುಕೊಂಡದ್ದು ಬೆಳಕಿಗೆ ಬಂತು. ಸುಮಾರು 5 ಕೋಟಿ ಹಾಡು! ಎಷ್ಟೋ ಹೊಸ ಹಾಡುಗಾರರ ಬಳಿ ಬೇರೆ ಪ್ರತಿಯೇ ಇರಲಿಲ್ಲ. ಮೆಮರಿ ಕಾರ್ಡಿನದೂ ನಂಬುವ ಜೀವವಲ್ಲ: ವರ್ಷಗಟ್ಟಲೆ ಕರೆಂಟ್ ಕಾಣದೆ ಬಿದ್ದಿದ್ದರೆ ಒಳಗೆ ಹಿಡಿದಿಟ್ಟ ವಿದ್ಯುದಂಶ ಮೆಲ್ಲಗೆ ಸೋರುತ್ತದೆ. ಕ್ಯಾಸೆಟ್ ಕೆಡುವಾಗ ಮೊದಲು ಗೊರಗೊರ ಎಂದು ಸೂಚನೆ ಕೊಡುತ್ತದೆ, ತುಂಡಾದರೆ ಅಂಟಿಸಬಹುದು. ಫೈಲು ಹೇಳದೇ ಕೇಳದೇ ಹೋಗುತ್ತದೆ.

ಅಮೆರಿಕದಲ್ಲಿ 2022ರಲ್ಲಿ ಎಲ್‌ಪಿ ತಟ್ಟೆಗಳು 4.1 ಕೋಟಿ ಮಾರಾಟವಾದವು, ಸಿ.ಡಿ. 3.3 ಕೋಟಿ. 1987ರ ನಂತರ ತಟ್ಟೆ ಸಂಖ್ಯೆಯಲ್ಲಿ ಗೆದ್ದದ್ದು ಅದೇ ಮೊದಲು. ಅಲ್ಲಿ ತಟ್ಟೆ ಈಗ ಶೋಕಿ. ನಮ್ಮ ಜಾತ್ರೆಗೆ ಅದು ಮರಳಿ ಬರುತ್ತದೆಂದು ನನಗೇನೂ ಅನ್ನಿಸುವುದಿಲ್ಲ; ಇಲ್ಲಿ ಕ್ಯಾಸೆಟ್ ಅಂಗಡಿಯ ಜಾಗದಲ್ಲಿ ಮೊಬೈಲ್ ಅಂಗಡಿಯವನು ಪೆನ್‌ಡ್ರೈವಿಗೆ ಹಾಡು ತುಂಬಿಸಿ ಕೊಡುತ್ತಾನೆ, ಟಂಟಂ ಓಡಿಸುವವರಿಗೆ ಅದೇ ಸಾಕು. ಆದರೂ ಜಾತ್ರೆಯಲ್ಲಿ ಶರಣರ ಪರುಷ ಬಟ್ಟಲನ್ನು ನೋಡಲು ಜನ ಸಾಗರದಂತೆ ಸೇರುತ್ತಾರಲ್ಲ, ಅದರ ಫೋಟೋ ಪ್ರತಿ ಫೋನಿನಲ್ಲೂ ಇದೆ. ಫೋಟೋ ಇದೆಯೆಂದು ಯಾರೂ ಮನೆಯಲ್ಲಿ ಕೂರುವುದಿಲ್ಲ.

ಎಲ್ಲಕ್ಕಿಂತ ದೂರ ಹೋದ ತಟ್ಟೆ ಯಾವುದು? 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಕಳಿಸಿದ, ಚಿನ್ನದ ಲೇಪದ ತಾಮ್ರದ ತಟ್ಟೆ. ಅದರಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ. 55 ಭಾಷೆಗಳ ಶುಭಾಶಯವಿದೆ, ಅವುಗಳಲ್ಲಿ ಒಂದು ಕನ್ನಡ. ಸೂರ್ಯನ ಬಳಗ ದಾಟಿ ಹೋಗುವ ನೌಕೆಗೆ ನಾಸಾದವರು ಆರಿಸಿದ್ದೂ ಗೀರು ಕೊರೆದ ತಟ್ಟೆಯನ್ನೇ. ಮುಳ್ಳೂ ಜೊತೆಗೇ ಇಟ್ಟರು.

ಮನೆಯ ಅಟ್ಟದಲ್ಲಿ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕುವ ಮುಂಚೆ ಇಷ್ಟು ಮಾಡಿ. ಬೂಷ್ಟು ಹಿಡಿದಿದ್ದರೆ ಹಚ್ಚಬೇಡಿ, ತಿಳಿದವರಿಗೆ ತೋರಿಸಿ. ಚೆನ್ನಾಗಿದ್ದರೆ ಮೊದಲು ಈ ತುದಿಯಿಂದ ಆ ತುದಿಗೆ ಒಮ್ಮೆ ಸುತ್ತಿ. ಟೇಪಿನ ಹೆಡ್ಡನ್ನು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ. ಇಯರ್‌ಫೋನಿನ ತೂತಿನಿಂದ ವೈರು ಎಳೆದು ಕಂಪ್ಯೂಟರಿಗೆ ಜೋಡಿಸಿ, ಎಂಪಿ3 ಬೇಡ, ವೇವ್ ಫೈಲಾಗಿ ಇಳಿಸಿ. ತಾಸಿಗೆ 635 ಎಂಬಿ ಆದರೂ ಆಗಲಿ. ಫೈಲಿಗೆ ಹಾಡಿದವರ ಹೆಸರು, ಊರು, ವರ್ಷ ಬರೆಯಿರಿ. ‘ಟ್ರ್ಯಾಕ್ 01’ ಎಂದು ಬಿಡಬೇಡಿ. ಒಂದು ಪ್ರತಿ ನಿಮ್ಮಲ್ಲಿ, ಒಂದು ತಂಗಿಯ ಮನೆಯಲ್ಲಿ, ಒಂದು ಆ ಮೇಳದವರ ಮಕ್ಕಳಿಗೆ ಕೊಡಿ. ಕ್ಯಾಸೆಟ್ಟನ್ನೂ ಎಸೆಯಬೇಡಿ, ಸ್ಪೀಕರಿನ ಆಯಸ್ಕಾಂತದಿಂದ ದೂರ ಇಡಿ. ಹಾಗೇ ಅದರ ಬೆನ್ನಿನ ತೂತಿಗೆ ಯಾರಾದರೂ ಕಾಗದ ತುರುಕಿದ್ದಾರೆಯೇ ಎಂದೂ ಒಮ್ಮೆ ನೋಡಿ.