ಮುಂಬೈ ಪಾಲಿಕೆ ಚುನಾವಣೆ: ಮತ ಎಲ್ಲರಿಗೂ ಸಿಕ್ಕಿತು, ಅಧಿಕಾರ ಆಯುಕ್ತರ ಬಳಿಯೇ ಉಳಿಯಿತು

ಮುಂಬೈ: ಬೃಹನ್ಮುಂಬೈ ಮಹಾನಗರ ಪಾಲಿಕೆಯ 227 ವಾರ್ಡ್‌ಗಳಿಗೆ 2026ರ ಜನವರಿ 15ರಂದು ಮತದಾನ ನಡೆಯಿತು. ಅದಕ್ಕೂ ಹಿಂದಿನ ಚುನಾವಣೆ ನಡೆದದ್ದು 2017ರ ಫೆಬ್ರವರಿಯಲ್ಲಿ. ಐದು ವರ್ಷಕ್ಕೊಮ್ಮೆ ನಡೆಯಬೇಕಾದ ಚುನಾವಣೆಗೆ ಮುಂಬೈ ಜನ ಸುಮಾರು ಒಂಬತ್ತು ವರ್ಷ ಕಾದರು. ಕೊನೆಯ ಹೆಚ್ಚೂಕಡಿಮೆ ನಾಲ್ಕು ವರ್ಷ ದೇಶದ ಅತ್ಯಂತ ಶ್ರೀಮಂತ ಪಾಲಿಕೆಯಲ್ಲಿ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಆದರೂ ಬಜೆಟ್ ನಿಲ್ಲಲಿಲ್ಲ, ಟೆಂಡರ್ ನಿಲ್ಲಲಿಲ್ಲ. ಇದು ಹೇಗೆ ಸಾಧ್ಯವಾಯಿತು? ಉತ್ತರಕ್ಕೆ ಒಂದೂವರೆ ಶತಮಾನ ಹಿಂದಕ್ಕೆ ಹೋಗಬೇಕು.

ಕ್ರಾಫರ್ಡ್ ಖರ್ಚು, ತೆರಿಗೆದಾರರ ಸಿಟ್ಟು

1865ರ ಕಾಯ್ದೆ ಮುಂಬೈಗೆ ಪಾಲಿಕೆ ಕೊಟ್ಟಿತು, ಚುನಾವಣೆ ಕೊಡಲಿಲ್ಲ. ಸರ್ಕಾರ ನೇಮಿಸಿದ 'ಜಸ್ಟೀಸ್ ಆಫ್ ದಿ ಪೀಸ್'ಗಳೇ ಸದಸ್ಯರು. ಕೆಲಸವೆಲ್ಲ ಆಯುಕ್ತ ಆರ್ಥರ್ ಕ್ರಾಫರ್ಡ್ ಕೈಯಲ್ಲಿ. ರಸ್ತೆ, ಚರಂಡಿ, ಮಾರುಕಟ್ಟೆ ಎಂದು ಆತ ಮಾಡಿದ ಕೆಲಸ ಕಡಿಮೆಯೇನಲ್ಲ, ಇಂದಿಗೂ ಜನ ಕ್ರಾಫರ್ಡ್ ಮಾರ್ಕೆಟ್ ಎಂದೇ ಕರೆಯುತ್ತಾರೆ. ಆದರೆ ಖರ್ಚು ಮಿತಿ ಮೀರಿತು. 1871ರಲ್ಲಿ ತೆರಿಗೆದಾರರು ಬಂಡೆದ್ದರು.

ಆಗ ಯುವ ವಕೀಲರಾಗಿದ್ದ ಫಿರೋಜ್‌ಶಾ ಮೆಹ್ತಾ ಹೇಳಿದ್ದು ತುಸು ಬೇರೆ ಮಾತು. ಆಯುಕ್ತರ ಹುದ್ದೆ ಇರಲಿ, ಆದರೆ ಅವರ ಮೇಲೆ ಕಣ್ಣಿಡಲು ತೆರಿಗೆದಾರರೇ ಆರಿಸಿದ ಸಭೆ ಬೇಕು ಎಂಬುದು ಅವರ ವಾದ. 1872ರ ಕಾಯ್ದೆ ಅದೇ ದಾರಿ ಹಿಡಿಯಿತು. 64 ಸದಸ್ಯರಲ್ಲಿ 32 ಮಂದಿಯನ್ನು ತೆರಿಗೆದಾರರು, 16 ಮಂದಿಯನ್ನು ಜಸ್ಟೀಸ್‌ಗಳು ಆರಿಸಬೇಕು, ಉಳಿದ 16 ಮಂದಿಯನ್ನು ಸರ್ಕಾರ ನೇಮಿಸಬೇಕು. 1873ರಲ್ಲಿ ಹೊಸ ಪಾಲಿಕೆ ಅಸ್ತಿತ್ವಕ್ಕೆ ಬಂತು.

1888ರಲ್ಲಿ ಬಂದ ಮುನ್ಸಿಪಲ್ ಕಾಯ್ದೆ ಹಲವು ತಿದ್ದುಪಡಿಗಳೊಂದಿಗೆ ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಕಾರ್ಯಾಂಗದ ಅಧಿಕಾರ ಆಯುಕ್ತರದ್ದು. ಅವರನ್ನು ಕಳುಹಿಸುವುದು ರಾಜ್ಯ ಸರ್ಕಾರ. ಹಣಕಾಸಿನ ಪ್ರಸ್ತಾವಗಳಿಗೆ ಸ್ಥಾಯಿ ಸಮಿತಿಯ ಒಪ್ಪಿಗೆ ಬೇಕು. ಮೇಯರ್ ಸಭೆ ನಡೆಸುತ್ತಾರೆ, ನಗರದ ಮೊದಲ ಪ್ರಜೆ ಎನಿಸಿಕೊಳ್ಳುತ್ತಾರೆ, ಆಡಳಿತ ನಡೆಸುವುದಿಲ್ಲ. ಪಕ್ಷಗಳು ಮೇಯರ್ ಗಾದಿಗಿಂತ ಸ್ಥಾಯಿ ಸಮಿತಿಗೆ ಹೆಚ್ಚು ಕಾದಾಡುವುದು ಇದೇ ಕಾರಣಕ್ಕೆ.

ಬಾಡಿಗೆದಾರರಿಗೆ ಮತ

ದಶಕಗಳ ಕಾಲ ಮತ ಹಾಕುವ ಹಕ್ಕು ಆಸ್ತಿವಂತರಿಗಷ್ಟೇ ಇತ್ತು. ಚಾಳ್‌ಗಳಲ್ಲಿ ತುಂಬಿದ್ದ ಗಿರಣಿ ಕಾರ್ಮಿಕರಿಗೂ ಪಾಲಿಕೆಗೂ ಚುನಾವಣೆಯ ನಂಟೇ ಇರಲಿಲ್ಲ. 1922ರಲ್ಲಿ ಬಾಡಿಗೆದಾರರಿಗೂ ಮತ ಸಿಕ್ಕಿತು, 1948ರಲ್ಲಿ ವಯಸ್ಕರೆಲ್ಲರೂ ಮತದಾರರಾದರು. ನಗರದ ಗಡಿ 1950ರಲ್ಲಿ ಉಪನಗರಗಳಿಗೆ ಚಾಚಿತು, 1957ರಲ್ಲಿ ದಹಿಸರ್ ಮತ್ತು ಮುಲುಂಡ್‌ವರೆಗೆ ಬೆಳೆಯಿತು.

ಮಂಗಳೂರಿನ ಜಾರ್ಜ್, ಉಡುಪಿ ಹೋಟೆಲ್

ಈ ಹೊಸ ಮತದಾರರಿಂದ ಲಾಭ ಪಡೆದವರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಒಬ್ಬರು. ಕಾರ್ಮಿಕ ಮುಖಂಡರಾಗಿದ್ದ ಅವರು 1961ರಲ್ಲಿ ಪಾಲಿಕೆ ಸದಸ್ಯರಾದರು. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬೈಯಲ್ಲಿ ಅವರು ಸೋಲಿಸಿದ್ದು ಎಸ್.ಕೆ. ಪಾಟೀಲರನ್ನು. ಮೂರು ಬಾರಿ ಮುಂಬೈ ಮೇಯರ್ ಆಗಿದ್ದ, ಕಾಂಗ್ರೆಸ್‌ನ ಪ್ರಬಲ ನಾಯಕ ಅವರು.

ಮರು ವರ್ಷ ಚಿತ್ರ ಬದಲಾಯಿತು. 1966ರಲ್ಲಿ ಹುಟ್ಟಿದ ಶಿವಸೇನೆ, ದಕ್ಷಿಣ ಭಾರತೀಯರು ಮರಾಠಿಗರ ಕೆಲಸ ಕಸಿಯುತ್ತಿದ್ದಾರೆ ಎಂದು ಪ್ರಚಾರ ಮಾಡಿತು. ಉಡುಪಿ ಹೋಟೆಲ್‌ಗಳೂ ಅದರ ಸಿಟ್ಟಿಗೆ ಗುರಿಯಾದವು. 1968ರ ಪಾಲಿಕೆ ಚುನಾವಣೆಯಲ್ಲಿ 140 ಸ್ಥಾನಗಳ ಪೈಕಿ 42 ಸೇನೆಯ ಪಾಲಾದವು. 1985ರಲ್ಲಿ ಅಧಿಕಾರವೇ ಸಿಕ್ಕಿತು. 1992ರಲ್ಲಿ ಕಾಂಗ್ರೆಸ್ ಗೆದ್ದರೂ, 1997ರ ಚುನಾವಣೆಯಿಂದ 2022ರವರೆಗೆ ಮೇಯರ್ ಪಟ್ಟ ಸೇನೆಯ ಕೈಬಿಡಲಿಲ್ಲ. 2017ರಲ್ಲಂತೂ ಸೇನೆಗೆ 84, ಬಿಜೆಪಿಗೆ 82. ಕೂದಲೆಳೆಯ ಅಂತರ.

ಚುನಾವಣೆ ನಿಂತದ್ದೇಕೆ?

ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. 2022ರ ಮಾರ್ಚ್ 7ರಂದು ಸದಸ್ಯರ ಅವಧಿ ಮುಗಿದಾಗ ಎರಡು ಗೊಂದಲಗಳಿದ್ದವು. ಒಂದು, ಸ್ಥಳೀಯ ಸಂಸ್ಥೆಗಳಲ್ಲಿ ಒಬಿಸಿ ಮೀಸಲಾತಿ ಕುರಿತ ವ್ಯಾಜ್ಯ. ಇನ್ನೊಂದು, ವಾರ್ಡ್‌ಗಳ ಸಂಖ್ಯೆ. ಉದ್ಧವ್ ಠಾಕ್ರೆ ಸರ್ಕಾರ 227 ಅನ್ನು 236ಕ್ಕೆ ಏರಿಸಿತ್ತು, ಏಕನಾಥ ಶಿಂಧೆ ಸರ್ಕಾರ ಅದನ್ನು ಮತ್ತೆ 227ಕ್ಕೆ ಇಳಿಸಿತು. ಎರಡೂ ನ್ಯಾಯಾಲಯದ ಮೆಟ್ಟಿಲೇರಿದವು.

ಈ ಅವಧಿಯಲ್ಲಿ ಆಯುಕ್ತರೇ ಆಡಳಿತಾಧಿಕಾರಿ. ಪ್ರಸ್ತಾವ ಮಂಡಿಸುವವರೂ ಅವರೇ, ಸ್ಥಾಯಿ ಸಮಿತಿ ಮತ್ತು ಸಾಮಾನ್ಯ ಸಭೆಯ ಪರವಾಗಿ ಮಂಜೂರು ಮಾಡುವವರೂ ಅವರೇ. 2025-26ರ ಸುಮಾರು 74,427 ಕೋಟಿ ರೂ. ಬಜೆಟ್ ಕೂಡ ಹೀಗೆಯೇ ಬಂತು. 1984ರಲ್ಲೂ ಆಡಳಿತಾಧಿಕಾರಿ ಇದ್ದರು, ಆದರೆ ಮರು ವರ್ಷವೇ ಚುನಾವಣೆ ನಡೆದಿತ್ತು. ಬೆಂಗಳೂರಿನವರಿಗೆ ಇದು ಹೊಸದಲ್ಲ, ಅಲ್ಲಿಯೂ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಬಳಿಕ ವರ್ಷಗಟ್ಟಲೆ ಅಧಿಕಾರಿಗಳದೇ ಆಡಳಿತ.

ಸುಪ್ರೀಂ ಕೋರ್ಟ್ 2025ರ ಮೇ 6ರಂದು ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಆದೇಶಿಸಿತು, ಬಳಿಕ 2026ರ ಜನವರಿ 31ರ ಗಡುವು ಕೊಟ್ಟಿತು. ಆ ಹೊತ್ತಿಗೆ ಶಿವಸೇನೆಯೇ ಎರಡು ಹೋಳಾಗಿತ್ತು. ಫಲಿತಾಂಶದಲ್ಲಿ ಬಿಜೆಪಿ 89 ಸ್ಥಾನಗಳೊಂದಿಗೆ ಮೊದಲ ಸ್ಥಾನಕ್ಕೇರಿತು. ಉದ್ಧವ್ ಬಣಕ್ಕೆ 65, ಶಿಂಧೆ ಬಣಕ್ಕೆ 29, ಕಾಂಗ್ರೆಸ್‌ಗೆ 24 ಸ್ಥಾನ ದಕ್ಕಿದವು. ಬಹುಮತಕ್ಕೆ ಬೇಕಿದ್ದದ್ದು 114. ಬಿಜೆಪಿ ಮತ್ತು ಶಿಂಧೆ ಬಣ ಸೇರಿದರೆ 118.