ತಮ್ಮನ ಗಂಟಲು ಒಡೆದಾಗ

ನಮ್ಮ ಬಿಳಿಕೆರೆ ಕಡೆ ಹುಡುಗಿ ಮೈನೆರೆದರೆ ಆರತಿ ಎತ್ತುತ್ತಾರೆ, ಕೊಬ್ಬರಿ, ಚಿಗಳಿ ತಿನ್ನಿಸುತ್ತಾರೆ. ಆ ಶಾಸ್ತ್ರಗಳ ಬಗ್ಗೆ ತಕರಾರು ಇರಬಹುದು. ಆದರೂ ಅಜ್ಜಿಯೋ ಅತ್ತೆಯೋ ಪಕ್ಕ ಕೂತು 'ಇದು ಎಲ್ಲರಿಗೂ ಆಗೋದೇ ಕಣವ್ವ' ಅನ್ನುವುದುಂಟು. ಹುಡುಗನಿಗೆ? 'ಏನ್ಲಾ, ಗಂಟ್ಲು ಒಡ್ದೈತೆ' ಎಂಬ ಗೇಲಿಯೊಂದೇ.

ಹುಡುಗರಲ್ಲಿ ಈ ಬದಲಾವಣೆ ಸಾಮಾನ್ಯವಾಗಿ 9ರಿಂದ 14 ವರ್ಷದೊಳಗೆ ಶುರುವಾಗುತ್ತದೆ. ಮೊದಲ ಆದೇಶ ಹೊರಡುವುದು ಮೆದುಳಿನ ಹೈಪೊಥಾಲಮಸ್‌ನಿಂದ. ಅದರಂತೆ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಆಗ ವೃಷಣಗಳು ಬೆಳೆದು ಟೆಸ್ಟೊಸ್ಟೆರಾನ್ ತಯಾರಿಸುತ್ತವೆ. ಅದು ಹೆಚ್ಚಾದರೆ ಮೆದುಳು ಆದೇಶವನ್ನು ತಗ್ಗಿಸುತ್ತದೆ. ನಾವು ಎಂಜಿನಿಯರಿಂಗ್‌ನಲ್ಲಿ ಓದುವ ಫೀಡ್‌ಬ್ಯಾಕ್ ಇದೇ. ತಂಪು ಸಾಕಾದಾಗ ಫ್ರಿಜ್ ತಾನೇ ನಿಂತ ಹಾಗೆ.

ಟೆಸ್ಟೊಸ್ಟೆರಾನ್‌ನಿಂದ ಧ್ವನಿಪೆಟ್ಟಿಗೆ ದೊಡ್ಡದಾಗಿ, ಧ್ವನಿತಂತುಗಳು ಉದ್ದ, ದಪ್ಪ ಆಗುತ್ತವೆ. ಹೊಸ ಅಳತೆಗೆ ಹೊಂದಿಕೊಳ್ಳುವವರೆಗೆ ದನಿ ಒಡೆಯುತ್ತದೆ. ಚರ್ಮದ ಎಣ್ಣೆ ಗ್ರಂಥಿಗಳು ಚುರುಕಾಗಿ ಮೊಡವೆ ಏಳುತ್ತವೆ. ಬೆವರಿನ ವಾಸನೆ ಬದಲಾಗುತ್ತದೆ. ಎಷ್ಟೋ ಹುಡುಗರಿಗೆ ಎದೆ ಸ್ವಲ್ಪ ಊದಿಕೊಂಡು, ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ನಿದ್ದೆಯಲ್ಲಿ ವೀರ್ಯ ಹೋಗುವುದೂ ಸಹಜ, ಅದರಿಂದ ಶಕ್ತಿ ಕುಂದುವುದಿಲ್ಲ.

ಇದನ್ನು ಯಾರೂ ಹೇಳದಿದ್ದಾಗ ಹೇಳಲು ಬರುವವರು ಬೇರೆ. ಬಸ್ ನಿಲ್ದಾಣದ ಶೌಚಾಲಯದ ಗೋಡೆ ನೋಡಿ: 'ಗುಪ್ತ ಸಮಸ್ಯೆಗೆ ಶಾಶ್ವತ ಪರಿಹಾರ'. ವೀರ್ಯ ಹೋದರೆ ಶಕ್ತಿಯೇ ಹೋಯಿತು ಎಂಬ ಭಯದಿಂದ ನಮ್ಮ ಯುವಕರು ನಿಜವಾಗಿಯೂ ಬಳಲುವುದನ್ನು ಕಂಡು, ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಅದಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಆ ಭಯವೇ ಇಂದಿಗೂ ಗೋಡೆ ಜಾಹೀರಾತಿನ ಬಂಡವಾಳ.

ಕಾಲೇಜಿಗೆ ಬಂದ ಮೇಲೆ ಭಯದ ರೂಪ ಬದಲಾಗುತ್ತದೆ. 'ಬಾಡಿ' ಬರಲೆಂದು ಕೆಲವರು ಸ್ಟೆರಾಯ್ಡ್ ಚುಚ್ಚಿಸಿಕೊಳ್ಳುತ್ತಾರೆ. ಫೀಡ್‌ಬ್ಯಾಕ್ ನೆನಪಿಸಿಕೊಳ್ಳಿ. ಹೊರಗಿನಿಂದ ಹಾರ್ಮೋನ್ ಬಂದರೆ ಮೆದುಳು ಆದೇಶ ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ.

ಕೇಂದ್ರ ಸರ್ಕಾರ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭಿಸಿತು. ಅದರಡಿ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹ ಕ್ಲಿನಿಕ್‌ಗಳು 10ರಿಂದ 19 ವರ್ಷದವರಿಗೆ ಆಪ್ತಸಲಹೆ ನೀಡುತ್ತವೆ. ಅವು ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಇವೆ. 9 ವರ್ಷಕ್ಕೆ ಮೊದಲೇ ಲಕ್ಷಣ ಕಂಡರೆ, 14 ತುಂಬಿದರೂ ಕಾಣದಿದ್ದರೆ ವೈದ್ಯರಿಗೆ ತೋರಿಸಬೇಕು.

ಅಪ್ಪ ಹೇಳಲು ಮುಜುಗರಪಡಬಹುದು, ಮೇಷ್ಟ್ರು ಆ ಪಾಠವನ್ನು 'ಮನೇಲಿ ಓದ್ಕೊಳ್ಳಿ' ಎಂದು ದಾಟಿಸಬಹುದು. ಆದರೆ ಆ ವಯಸ್ಸು ದಾಟಿ ನಾಲ್ಕೈದು ವರ್ಷವಷ್ಟೇ ಆಗಿರುವ ನಮಗೆ ಎಲ್ಲವೂ ಇನ್ನೂ ನೆನಪಿದೆ. ಈ ಸಲ ಊರಿಗೆ ಹೋದಾಗ ತಮ್ಮನನ್ನು ಗೇಲಿ ಮಾಡುವ ಬದಲು ಗದ್ದೆ ಬದುವಿನವರೆಗೆ ಕರೆದುಕೊಂಡು ಹೋಗಿ, ಹತ್ತು ನಿಮಿಷ ಮಾತಾಡಿ.