ವಂತಿಗೆ ಆಧಾರಿತ ಪಿಂಚಣಿ ಮತ್ತು ಆದಾಯ ವರ್ಗಗಳು (ಹಾಸನ ಜಿಲ್ಲೆ)

ವಂತಿಗೆ ಆಧಾರಿತ ಪಿಂಚಣಿ ಎಂದರೆ ದುಡಿಮೆಯ ಅವಧಿಯಲ್ಲಿ ದುಡಿಯುವವರು, ಮಾಲೀಕರು ಅಥವಾ ಸರ್ಕಾರ ಕಟ್ಟಿದ ಹಣದ ಆಧಾರದ ಮೇಲೆ ವೃದ್ಧಾಪ್ಯದಲ್ಲಿ ದೊರೆಯುವ ಮಾಸಿಕ ವರಮಾನ. ವಂತಿಗೆಯಿಲ್ಲದೆ ದೊರೆಯುವ ವೃದ್ಧಾಪ್ಯ ವೇತನ ಮತ್ತು ಸಂಧ್ಯಾ ಸುರಕ್ಷಾ ಯೋಜನೆಗಳಿಗಿಂತ ಇದು ಭಿನ್ನವಾದುದು. ಹಾಸನ ಜಿಲ್ಲೆಯ ಸರ್ಕಾರಿ ನೌಕರರು, ಜವಳಿ ಕಾರ್ಖಾನೆಗಳ ಹಾಗೂ ಕಾಫಿ ತೋಟಗಳ ಕಾರ್ಮಿಕರು, ಸಣ್ಣ ರೈತರು ಮತ್ತು ಕೂಲಿಕಾರರು ಬೇರೆ ಬೇರೆ ಯೋಜನೆಗಳ ವ್ಯಾಪ್ತಿಗೆ ಬರುತ್ತಾರೆ. ವಂತಿಗೆಯನ್ನು ವೇತನದ ಶೇಕಡಾವಾರು ಲೆಕ್ಕದಲ್ಲಿ ನಿಗದಿಪಡಿಸುವ ಯೋಜನೆಗಳಲ್ಲಿ, ಆದಾಯ ಹೆಚ್ಚಿದಂತೆ ಮಾಲೀಕರಿಂದ ಅಥವಾ ಸರ್ಕಾರದಿಂದ ಸೇರುವ ಪಾಲೂ ಹೆಚ್ಚುತ್ತದೆ.

ಸರ್ಕಾರಿ ನೌಕರರು

ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಂದು ಅಥವಾ ಅನಂತರ ಸರ್ಕಾರಿ ಸೇವೆಗೆ ಸೇರಿದವರನ್ನು ನೂತನ ಪಿಂಚಣಿ ಯೋಜನೆಗೆ (ಎನ್‌ಪಿಎಸ್) ಒಳಪಡಿಸಲಾಯಿತು. ನೌಕರರು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಷ್ಟನ್ನು ಕಟ್ಟುತ್ತಾರೆ. ಮೊದಲು ಶೇ. 10ರಷ್ಟಿದ್ದ ಸರ್ಕಾರದ ಪಾಲನ್ನು ನಂತರ ಶೇ. 14ಕ್ಕೆ ಏರಿಸಲಾಯಿತು. ಇವೆರಡರ ಮೊತ್ತ 30,000 ರೂ. ಇರುವ ನೌಕರರ ಖಾತೆಗೆ ಸರ್ಕಾರದಿಂದ ತಿಂಗಳಿಗೆ 4,200 ರೂ. ಸೇರಿದರೆ, 1,00,000 ರೂ. ಇರುವವರ ಖಾತೆಗೆ 14,000 ರೂ. ಸೇರುತ್ತದೆ. ಈ ಯೋಜನೆಯಲ್ಲಿ ಪಿಂಚಣಿಯ ಮೊತ್ತ ಮೊದಲೇ ನಿಶ್ಚಿತವಾಗಿರುವುದಿಲ್ಲ. ಅದು ಹೂಡಿಕೆಯ ಗಳಿಕೆಯನ್ನು ಅವಲಂಬಿಸಿದೆ.

ಕಾರ್ಖಾನೆ ಮತ್ತು ತೋಟದ ಕಾರ್ಮಿಕರು

ಹಾಸನದ ಜವಳಿ ಕಾರ್ಖಾನೆಗಳ ಕಾರ್ಮಿಕರಿಗೂ, 20 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಕಲೇಶಪುರ–ಬೇಲೂರು ಭಾಗದ ಕಾಫಿ ತೋಟಗಳ ಕಾರ್ಮಿಕರಿಗೂ ಭವಿಷ್ಯನಿಧಿ ಕಾನೂನು ಅನ್ವಯಿಸುತ್ತದೆ. ಇದರಡಿಯ ನೌಕರರ ಪಿಂಚಣಿ ಯೋಜನೆ 1995ರ ನವೆಂಬರ್ 16ರಿಂದ ಜಾರಿಯಲ್ಲಿದೆ. ಮಾಲೀಕರ ವಂತಿಗೆಯಲ್ಲಿ ವೇತನದ ಶೇ. 8.33 ಹಾಗೂ ಕೇಂದ್ರ ಸರ್ಕಾರದ ಶೇ. 1.16 ಪಿಂಚಣಿ ನಿಧಿಗೆ ಸೇರುತ್ತವೆ. 2014ರ ಸೆಪ್ಟೆಂಬರ್ 1ರಿಂದ ಈ ಲೆಕ್ಕಕ್ಕೆ ವೇತನದ ಮಿತಿ 15,000 ರೂ. ಆಯಿತು, ಕನಿಷ್ಠ ಪಿಂಚಣಿಯನ್ನು 1,000 ರೂ. ಎಂದು ನಿಗದಿಪಡಿಸಲಾಯಿತು.

ಪಿಂಚಣಿಗೆ ಅರ್ಹ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಮಾಸಿಕ ಪಿಂಚಣಿ ಸಿಗುತ್ತದೆ. 10,000 ರೂ. ವೇತನದಲ್ಲಿ 10 ವರ್ಷ ದುಡಿದವರಿಗೆ ಇದು ಸುಮಾರು 1,428 ರೂ. ಆಗುತ್ತದೆ. ವೇತನದ ಮಿತಿ ಮತ್ತು ಕನಿಷ್ಠ ಪಿಂಚಣಿಗಳು ಕಡಿಮೆ ಆದಾಯದವರ ಪರವಾಗಿವೆ. ಆದರೆ ಪಿಂಚಣಿಗೆ 10 ವರ್ಷಗಳ ಅರ್ಹ ಸೇವೆ ಬೇಕು. ಮದುವೆ, ಹೆರಿಗೆ, ಊರು ಬದಲಾವಣೆ ಅಥವಾ ಹಂಗಾಮಿನ ಕೆಲಸದಿಂದಾಗಿ ದುಡಿಮೆ ತುಂಡಾದವರಿಗೆ ಇದು ತೊಡಕಾಗುತ್ತದೆ. ಹಿಂದಿನ ಸೇವೆಯನ್ನು ಮುಂದಿನ ಕೆಲಸಕ್ಕೆ ಸೇರಿಸಿಕೊಳ್ಳಲು ಅವಕಾಶವಿದೆಯಾದರೂ, ಹಣವನ್ನು ಹಿಂಪಡೆದರೆ ಆ ಸೇವೆ ಲೆಕ್ಕಕ್ಕೆ ಬರುವುದಿಲ್ಲ.

ಕಡಿಮೆ ವೇತನದವರಿಗೆ ಭವಿಷ್ಯನಿಧಿಯೇ ಆಪತ್ಕಾಲದ ಉಳಿತಾಯವೂ ಆಗಿರುತ್ತದೆ. ಮಾಲೀಕರ ಪಾಲನ್ನು 58 ವರ್ಷದವರೆಗೆ ಹಿಂಪಡೆಯದಂತೆ ನಿರ್ಬಂಧಿಸುವ ನಿಯಮವನ್ನು ಕೇಂದ್ರ ಸರ್ಕಾರ 2016ರ ಫೆಬ್ರವರಿಯಲ್ಲಿ ಹೊರಡಿಸಿತು. ಇದನ್ನು ವಿರೋಧಿಸಿ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಮಿಕರು ಬೀದಿಗಿಳಿದರು. ಅವರಲ್ಲಿ ಹೆಚ್ಚಿನವರು ಮಹಿಳೆಯರು. 19ರಂದು ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ರೈತರು ಮತ್ತು ಅಸಂಘಟಿತ ಕಾರ್ಮಿಕರು

ಅರಕಲಗೂಡಿನ ಹೊಗೆಸೊಪ್ಪು ಮತ್ತು ಚನ್ನರಾಯಪಟ್ಟಣದ ತೆಂಗಿನ ಸಣ್ಣ ಬೆಳೆಗಾರರಿಗೆ, ಕೂಲಿಕಾರರಿಗೆ ವಂತಿಗೆ ಕಟ್ಟುವ ಮಾಲೀಕರಿಲ್ಲ. ಇಂಥವರಿಗಾಗಿ 2019ರಲ್ಲಿ ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ್ ಮತ್ತು ಕಿಸಾನ್ ಮಾನಧನ್ ಯೋಜನೆಗಳು ಆರಂಭವಾದವು. 18ರಿಂದ 40 ವರ್ಷದವರು ಸೇರುವಾಗಿನ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂ. ಕಟ್ಟಿದರೆ, ಕೇಂದ್ರ ಸರ್ಕಾರವೂ ಅಷ್ಟೇ ಕಟ್ಟುತ್ತದೆ. 60 ವರ್ಷದ ನಂತರ 3,000 ರೂ. ಪಿಂಚಣಿ ದೊರೆಯುತ್ತದೆ. 2015ರ ಅಟಲ್ ಪಿಂಚಣಿ ಯೋಜನೆಯಲ್ಲಿ ಪಿಂಚಣಿ 1,000ರಿಂದ 5,000 ರೂ. ಇದ್ದು, ಆರಂಭದಲ್ಲಿ ಸೇರಿದ ಅರ್ಹರಿಗೆ ಮಾತ್ರ ಐದು ವರ್ಷ ಸರ್ಕಾರದ ವಂತಿಗೆ ದೊರೆಯಿತು.

ಹಂಚಿಕೆಯ ಸ್ವರೂಪ

ಹೊಳೆನರಸೀಪುರ ತಾಲ್ಲೂಕಿನ ಸಣ್ಣ ರೈತರೊಬ್ಬರು 29ನೇ ವಯಸ್ಸಿನಲ್ಲಿ ಕಿಸಾನ್ ಮಾನಧನ್‌ಗೆ ಸೇರಿದರೆಂದು ಭಾವಿಸಿದರೆ, ತಿಂಗಳಿಗೆ 100 ರೂ.ನಂತೆ 31 ವರ್ಷಗಳಲ್ಲಿ ಅವರಿಗಾಗಿ ಸರ್ಕಾರ ಕಟ್ಟುವ ಒಟ್ಟು ಮೊತ್ತ 37,200 ರೂ. ಮೇಲೆ ಹೇಳಿದ 30,000 ರೂ. ವೇತನದ ನೌಕರರಿಗೆ ಒಂಬತ್ತು ತಿಂಗಳಲ್ಲೇ ಸರ್ಕಾರದ ಪಾಲು ಇದನ್ನು ಮೀರುತ್ತದೆ. ಆದರೆ ನೌಕರರಿಗೆ ಇದು ಸೇವೆಯ ಪ್ರತಿಫಲದ ಭಾಗ. ರೈತರಿಗೆ ನಿಶ್ಚಿತ ಪಿಂಚಣಿಯ ಭರವಸೆಯಿದೆ.

ಅಮೆರಿಕದ ಸಾಮಾಜಿಕ ಭದ್ರತಾ ವ್ಯವಸ್ಥೆಯಲ್ಲಿ ಸರಾಸರಿ ಗಳಿಕೆಯ ಮೊದಲ ಹಂತಕ್ಕೆ ಶೇ. 90, ಮುಂದಿನ ಹಂತಗಳಿಗೆ ಶೇ. 32 ಮತ್ತು ಶೇ. 15ರಂತೆ ಪಿಂಚಣಿ ಲೆಕ್ಕ ಹಾಕುವುದರಿಂದ, ಕಡಿಮೆ ಗಳಿಸಿದವರಿಗೆ ಗಳಿಕೆಯ ಹೆಚ್ಚಿನ ಅಂಶ ಮರಳುತ್ತದೆ. 1995ರ ಯೋಜನೆಯ ಸೂತ್ರದಲ್ಲಿ ಇಂಥ ಹಂತಗಳಿಲ್ಲ.

ಬೆಲೆ ಏರಿಕೆಯ ಪರಿಣಾಮ

1995ರ ಯೋಜನೆ, ಅಟಲ್ ಮತ್ತು ಮಾನಧನ್ ಪಿಂಚಣಿಗಳಿಗೆ ತುಟ್ಟಿಭತ್ಯೆ ಸೇರುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ, 18 ವರ್ಷದವರಿಗೆ 42 ವರ್ಷಗಳ ನಂತರ ದೊರೆಯುವ 5,000 ರೂ. ಅವರು ಯೋಜನೆಗೆ ಸೇರಿದ ಕಾಲದ ಸುಮಾರು 640 ರೂ.ಗೆ ಸಮನಾಗುತ್ತದೆ. ಬೇರೆ ಉಳಿತಾಯವಿಲ್ಲದವರ ಮೇಲೆ ಇದರ ಪರಿಣಾಮ ಹೆಚ್ಚು.